ಎಫ್‌ಆರ್‌ಪಿ ಪೈಪ್ ಕೂಡಿಸುವ ಸಾಮಾನು: ಉದ್ಯಮಬಾಗದ ಬಾಡಿಗೆ ಪೆಟ್ಟಿಗೆ, ಮುಧೋಳದ ಮೇ ತಿಂಗಳು

ಎಫ್‌ಆರ್‌ಪಿ ಅಂದರೆ ಗಾಜಿನ ಎಳೆಯನ್ನು ರೆಸಿನ್ ಅನ್ನುವ ರಾಳದಲ್ಲಿ ಕೂಡಿಸಿ ಮಾಡಿದ ಫೈಬರ್ ಪೈಪು; ಎಪಾಕ್ಸಿ, ವಿನೈಲ್ ಎಸ್ಟರ್ ಆ ರಾಳದ ಜಾತಿಗಳು. ತೀರ್ಪು ಮೊದಲು, ಕಾರಣ ಆಮೇಲೆ. ಪೈಪಿನ ತುದಿ ಕೆರೆಯುವ ಟೇಪರ್ ಟೂಲ್ ಚೆನ್ನಾಗಿದೆ, ಬಾಡಿಗೆ ಕೊಟ್ಟಿದ್ದಕ್ಕೆ ಬೇಸರವಿಲ್ಲ. ಜಾಯಿಂಟಿಗೆ ಸುತ್ತಿ ಕಾಯಿಸುವ ಹೀಟಿಂಗ್ ಬ್ಲ್ಯಾಂಕೆಟ್ ಎರಡರಲ್ಲಿ ಒಂದು ಸರಿ ಇತ್ತು, ಇನ್ನೊಂದು ಕೈಕೊಟ್ಟಿತು. ಪೆಟ್ಟಿಗೆಯ ಜೊತೆ ಪುಕ್ಕಟೆ ಅಂತ ಕೊಡುವ ರೋಲರ್, ಬ್ರಷ್, ಮಾಸ್ಕ್ ಮಾತ್ರ ಅಲ್ಲೇ ಬಿಟ್ಟು ಬನ್ನಿ. ಅವನ್ನು ನೀವೇ ಕೊಳ್ಳುವುದು ವಾಸಿ.

ನಾನು ಮುಧೋಳದವನು. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಲ್ಲಿ ಪೈಪ್‌ಲೈನ್ ಕೆಲಸ ಹಿಡಿಯುತ್ತೇನೆ. ಕಬ್ಬು ನುರಿಸುವ ಹಂಗಾಮು ಮುಗಿದರೆ ನಮ್ಮ ಹಂಗಾಮು ಶುರು. ಅಂದರೆ ಏಪ್ರಿಲ್, ಮೇ. ಈ ಸಲ ಒಂದು ಡಿಸ್ಟಿಲರಿಯಲ್ಲಿ ಎರಡು ಲೈನ್ ಇದ್ದವು. ಒಂದು ಕಂಡೆನ್ಸೇಟ್ ಲೈನ್, ಅಂದರೆ ಉಗಿ ತಣಿದು ಆದ ಬಿಸಿನೀರಿನದು. 4 ಇಂಚು ಮತ್ತು 6 ಇಂಚಿನ ಎಪಾಕ್ಸಿ ಪೈಪು, ತುದಿ ಕೆರೆದು ಗಮ್ ಹಚ್ಚಿ ಕೂಡಿಸುವ ಟೇಪರ್ ಜಾಯಿಂಟ್. ಇನ್ನೊಂದು ಸ್ಪೆಂಟ್‌ವಾಶ್ ಲೈನ್, ಅಂದರೆ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳೆನೀರಿನದು. 8 ಇಂಚು, ವಿನೈಲ್ ಎಸ್ಟರ್ ಪೈಪು, ಎರಡು ತುದಿ ತಾಗಿಸಿ ಮೇಲೆ ರೆಸಿನ್ ಹಚ್ಚಿದ ಗಾಜಿನ ಎಳೆಯ ಮ್ಯಾಟ್ ಸುತ್ತುವ ಜಾಯಿಂಟ್. ಸ್ಪೆಂಟ್‌ವಾಶ್ ಹುಳಿಯೂ ಹೌದು, ಬಿಸಿಯೂ ಹೌದು. ಎಂ.ಎಸ್. (ಮಾಮೂಲಿ ಉಕ್ಕಿನ) ಪೈಪನ್ನು ಬೇಗ ತಿಂದುಹಾಕುತ್ತದೆ. ಅದಕ್ಕೇ ಎಲ್ಲರೂ ಫೈಬರ್ ಕಡೆ ಬರುತ್ತಿದ್ದಾರೆ.

ಪೈಪು ನೇರ ಕಂಪನಿಯಿಂದ ಬರುತ್ತದೆ. ಸಾಮಾನು ನಾವು ಹುಡುಕಬೇಕು. ಮುಧೋಳ, ಜಮಖಂಡಿ, ಬಾಗಲಕೋಟೆಯಲ್ಲಿ ಟೇಪರ್ ಟೂಲ್ ಬಾಡಿಗೆಗೆ ನನಗೆ ಸಿಗಲಿಲ್ಲ. ಕೊನೆಗೆ ಬೆಳಗಾವಿಯ ಉದ್ಯಮಬಾಗದಲ್ಲಿ, ಲೇತ್ ಅಂಗಡಿಗಳ ಸಾಲಿನ ಹಿಂದೆ, ಒಬ್ಬರ ಹತ್ತಿರ ಇದೆ ಅಂತ ಗೊತ್ತಾಯಿತು. ಲೋಕಾಪುರ, ಯರಗಟ್ಟಿ ದಾಟಿ ರಾಯಚೂರು–ಬಾಚಿ ರಸ್ತೆಯಲ್ಲಿ ಹೋದರೆ ಬೆಳಗಾವಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಹೊಗಳಿಕೆಯ ಜೊತೆ ತಕರಾರೂ ಇದೆ, ಸುಮ್ನೆ ಯಾಕೆ.

ಟೇಪರ್ ಟೂಲ್ ಅಂದರೆ ಪೈಪಿನ ಶಾರ್ಪ್‌ನರ್ ಅನ್ನಿ. ಪೈಪಿನ ಒಳಗೆ ಒಂದು ಆರ್ಬರ್ ಇಳಿಯುತ್ತದೆ. ಅದರ ನಟ್ ತಿರುಗಿಸಿದರೆ ದವಡೆ ಅಗಲವಾಗಿ ಒಳಗೋಡೆಯನ್ನು ಹಿಡಿಯುತ್ತದೆ. ಹೊರಗಡೆ ಬ್ಲೇಡ್ ಇರುವ ತೋಳು ಪೈಪನ್ನು ಸುತ್ತುತ್ತಾ, ಸ್ವಲ್ಪ ಸ್ವಲ್ಪವೇ ಮುಂದೆ ಸರಿದು ತುದಿಯನ್ನು ಇಳಿಜಾರಾಗಿ ಕೆರೆಯುತ್ತದೆ. ನಮ್ಮ ಪೈಪಿಗೆ ಬೇಕಾದ ಇಳಿಜಾರು 1.75 ಡಿಗ್ರಿ. ಬೇರೆ ಕಂಪನಿಯ ಪೈಪಿಗೆ ಬೇರೆ ಡಿಗ್ರಿ ಇರಬಹುದು. ಹಾಗಾಗಿ ಅಂಗಡಿಗೆ ಹೋಗುವಾಗ ಪೈಪಿನ ಕ್ಯಾಟಲಾಗ್ ಕೈಯಲ್ಲಿರಲಿ. ಇನ್ನೂ ಒಳ್ಳೆಯದು ಅಂದರೆ ಒಂದು ಕಪ್ಲಿಂಗ್ ಮತ್ತು ಗೇಣುದ್ದ ಪೈಪಿನ ತುಂಡು ಒಯ್ಯಿರಿ. ಅಂಗಡಿಯಲ್ಲೇ ಕೆರೆದು, ಗಮ್ ಇಲ್ಲದೆ ಒಣಗಿದ್ದಂತೆಯೇ ಕೂಡಿಸಿ ನೋಡಿ. ಕೂಡಿಸಿದ ಮೇಲೆ ಅಲ್ಲಾಡಿಸಿದರೆ ಲಟಕ್ ಅನ್ನಬಾರದು. ಅಂದಿತೋ, ಇಳಿಜಾರು ಹೊಂದಿಲ್ಲ. ಗಮ್ ಆ ಸಂದನ್ನು ತುಂಬಿಕೊಳ್ಳುತ್ತದೆ ಅಂತ ಅಂಗಡಿಯವರು ಸಮಾಧಾನ ಹೇಳುತ್ತಾರೆ. ನಂಬಬೇಡಿ. ಗಮ್ ತೆಳುವಾಗಿದ್ದಷ್ಟೂ ಜಾಯಿಂಟ್ ಗಟ್ಟಿ.

ನಾನು ಒಯ್ದ ತುಂಡಿನಿಂದಲೇ ಒಂದು ವಿಷಯ ಅಲ್ಲೇ ಬಯಲಾಯಿತು. 4 ಇಂಚಿನ ಆರ್ಬರ್ ಗಟ್ಟಿ ಕೂತಿತು. 6 ಇಂಚಿನದು ಸವೆದಿತ್ತು, ತಿರುಗಿಸಿದರೆ ತೋಳು ಓಲಾಡುತ್ತಿತ್ತು. ಹೀಗೆ ಓಲಾಡಿದರೆ ಪೈಪಿನ ಒಂದು ಕಡೆ ಜಾಸ್ತಿ ಕೆರೆದು, ಇನ್ನೊಂದು ಕಡೆ ದಪ್ಪ ಉಳಿಯುತ್ತದೆ.

"ಕಾಕಾ, ಇದು ನಡಿಯಂಗಿಲ್ರೀ" ಅಂದೆ.

"ಹತ್ತು ವರ್ಷದಿಂದ ಹಿಂಗ ನಡದೈತಿ ಸಾಹೇಬ್ರ" ಅಂದರು.

ಆದರೆ ಮನುಷ್ಯ ಒಳ್ಳೆಯವರು. ಮಾತಾಡುತ್ತಲೇ ಅದನ್ನು ಎತ್ತಿಕೊಂಡು ಪಕ್ಕದ ಓಣಿಯ ಟರ್ನರ್ ಹತ್ತಿರ ಕರೆದುಕೊಂಡು ಹೋದರು. ಅವನು ಹಳೆಯ ಬುಷ್ ತೆಗೆದು, ಅಲ್ಯುಮಿನಿಯಂನಲ್ಲಿ ಹೊಸದನ್ನು ಕಡೆದು ಕೂರಿಸಿದ. ಊಟ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಿತ್ತು. ಫೌಂಡ್ರಿ, ಹೈಡ್ರಾಲಿಕ್ ಕೆಲಸಕ್ಕೆ ಹೆಸರಾದ ಜಾಗ ಅದು. ಸಾಮಾನು ಬಾಡಿಗೆಗೆ ತರುವುದಾದರೆ ಉದ್ಯಮಬಾಗಕ್ಕೇ ಹೋಗಿ ಅಂತ ನಾನು ಹೇಳುವುದು ಅಂಗಡಿಗಿಂತ ಜಾಸ್ತಿ ಈ ಓಣಿಯ ಸಲುವಾಗಿ.

ಇನ್ನು ಬ್ಲೇಡ್. ಪೆಟ್ಟಿಗೆಯಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡ್ ಇಟ್ಟಿರುತ್ತಾರೆ. ಕಬ್ಬಿಣ ಕಡೆಯಲು ಅದು ಸಾಕು, ಗಾಜಿನ ಎಳೆಗೆ ಸಾಲದು. ಗಾಜು ಅದರ ಹರಿತವನ್ನು ನೋಡ ನೋಡುತ್ತಾ ತಿಂದುಬಿಡುತ್ತದೆ. ಮೊಂಡಾದ ಬ್ಲೇಡ್ ಕೆರೆಯುವುದಿಲ್ಲ, ಉಜ್ಜುತ್ತದೆ. ಎಳೆಗಳು ಕಿತ್ತು ಬರುತ್ತವೆ, ರೆಸಿನ್ ಸುಟ್ಟ ವಾಸನೆ ಬರುತ್ತದೆ, ಮೇಲ್ಮೈ ಹೊಳೆಯತೊಡಗುತ್ತದೆ. ಹೊಳಪು ಕಂಡರೆ ಅಲ್ಲಿ ಗಮ್ ಹಿಡಿಯುವುದಿಲ್ಲ ಅಂತಲೇ ಲೆಕ್ಕ. ಸರಿಯಾಗಿ ಕೆರೆದ ತುದಿ ಮಂಕಾಗಿ, ಒಂದೇ ಬಣ್ಣದಲ್ಲಿ, ಕೈಗೆ ಸ್ವಲ್ಪ ಒರಟಾಗಿ ಇರುತ್ತದೆ. ಕೈಗೆ ಅಂದೆ, ಆದರೆ ಮುಟ್ಟಬೇಡಿ. ಬೆರಳಿನ ಬೆವರು, ಎಣ್ಣೆ ಅಲ್ಲಿ ಕೂತರೆ ಮತ್ತೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ಉದ್ಯಮಬಾಗದಲ್ಲೇ ಕಾರ್ಬೈಡ್ ಟಿಪ್ ಸಿಗುತ್ತದೆ. ಟೂಲಿನ ಹೋಲ್ಡರ್‌ಗೆ ಹೊಂದುವ ಟಿಪ್ ಕೊಂಡು ತಂದೆ. ಕೆಲಸ ಮುಗಿಯುವವರೆಗೂ ಅದೇ ನಡೆಯಿತು.

4 ಇಂಚಿಗೆ ಕೈಯಲ್ಲಿ ತಿರುಗಿಸುವ ಹಿಡಿಕೆಯೇ ಸಾಕು. ಹುಡುಗರಿಗೆ ಹದ ಸಿಗುತ್ತದೆ. 6 ಇಂಚಿಗೆ ನಿಧಾನ ತಿರುಗುವ, ದಪ್ಪ ಚಕ್ಕಿನ ಡ್ರಿಲ್ ಮೆಷಿನ್ ಹಾಕಿದೆವು. ಸೈಟಿನಲ್ಲಿ ಬಿದ್ದಿರುವ ಮಾಮೂಲಿ ಡ್ರಿಲ್ ಬೇಡ. ಅದರ ಸ್ಪೀಡಿಗೆ ಪೈಪು ಸುಡುತ್ತದೆ. ಆರ್ಬರ್ ನಟ್ ಬಿಗಿ ಮಾಡುವಾಗಲೂ ಜೋರು ಬೇಡ. ಪೈಪಿನ ಒಳಪದರ ರೆಸಿನ್ನಿನದು, ಜಾಸ್ತಿ ಒತ್ತಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಬಿಸಿ ನೀರು ಮೊದಲು ಹುಡುಕಿಕೊಂಡು ಹೋಗುವುದು ಅದನ್ನೇ.

ಈಗ ಬಿಸಿಲಿನ ಮಾತು. ಈ ಸಾಮಾನಿನ ಜೊತೆ ಬರುವ ಕೈಪಿಡಿಯನ್ನು ಚಳಿ ದೇಶದವರು ಬರೆದಿದ್ದಾರೆ ಅಂತ ಓದಿದರೇ ಗೊತ್ತಾಗುತ್ತದೆ. ಚಳಿಯಲ್ಲಿ ಗಮ್ ಹೇಗೆ ಬೆಚ್ಚಗಿಡಬೇಕು ಅಂತ ಪುಟಗಟ್ಟಲೆ ಇದೆ. ಬಿಸಿಲಿಗೆ ನಾಲ್ಕು ಸಾಲು. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಶೆಡ್ಡಿನ ತಗಡಿನ ಕೆಳಗೆ ಇನ್ನೂ ಜಾಸ್ತಿ. ಎಪಾಕ್ಸಿ ಗಮ್ಮಿನ ಎರಡು ಭಾಗ ಬೆರೆಸಿದ ಕೂಡಲೇ ಅದು ತಾನೇ ಕಾಯುತ್ತದೆ, ಹೊರಗಿನ ಶಾಖವೂ ಸೇರಿದರೆ ಡಬ್ಬಿಯಲ್ಲೇ ಹೊಗೆ ಏಳುತ್ತದೆ. ಇದಕ್ಕೆ ಯಾವ ಸಾಮಾನೂ ಪೆಟ್ಟಿಗೆಯಲ್ಲಿಲ್ಲ. ನಾವು ಮಾಡಿದ್ದು ಇಷ್ಟು. ಗಮ್ ಕಿಟ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ನೀರು ತಾಗದಂತೆ, ಒದ್ದೆ ಗೋಣಿಚೀಲ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಟ್ಟೆವು. ಬೆಳಗ್ಗೆ ಬೇಗ ಮತ್ತು ಸಂಜೆ ಮಾತ್ರ ಗಮ್ ಕೆಲಸ, ಮಧ್ಯಾಹ್ನ ಬರೀ ಕತ್ತರಿಸುವುದು, ಕೆರೆಯುವುದು. ಕೆರೆದ ತುದಿಗೆ ಗಮ್ ಹಚ್ಚುವ ಮುಂಚೆ ಸ್ಯಾಂಡ್‌ಪೇಪರ್ ಒಂದು ಸುತ್ತು ಮತ್ತೆ ಹೊಡೆಯಬೇಕು, ಯಾಕೆಂದರೆ ಮಧ್ಯಾಹ್ನದ ಧೂಳು ಅದರ ಮೇಲೆ ಕೂತಿರುತ್ತದೆ. ಬೆರೆಸಿದ ಗಮ್ಮನ್ನು ಡಬ್ಬಿಯಲ್ಲಿ ಗುಡ್ಡೆಯಾಗಿ ಬಿಡದೆ ಹಲಗೆಯ ಮೇಲೆ ತೆಳುವಾಗಿ ಹರಡಿದರೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ. ಒಂದು ಹಳೆಯ ಟಾರ್ಪಾಲು, ನಾಲ್ಕು ಬಂಬು ಕೂಡ ತೆಗೆದುಕೊಂಡು ಹೋಗಿ. ನನ್ನ ಪ್ರಕಾರ ಆ ನೆರಳೇ ಈ ಕೆಲಸದ ಮೊದಲ ಸಾಮಾನು.

ಹಾಗಾದರೆ ಇಷ್ಟು ಬಿಸಿಲಲ್ಲಿ ಹೀಟಿಂಗ್ ಬ್ಲ್ಯಾಂಕೆಟ್ ಯಾಕೆ ಅಲ್ವಾ? ಡಿಸ್ಟಿಲರಿಯ ಸಾಹೇಬರೂ ಅದನ್ನೇ ಕೇಳಿದರು. "ಬಿಸಿಲಾಗ ಬಟ್ಟಿ ಒಣಗತಾವು, ಗಮ್ ಒಣಗೂದಿಲ್ಲೇನ್ರೀ?" ಗಮ್ ಗಟ್ಟಿಯಾಗುವುದು ಬೇರೆ, ಪೂರ್ತಿ ಬಲಿಯುವುದು ಬೇರೆ. ಬಿಸಿಲಲ್ಲಿ ಗಟ್ಟಿಯಾದ ಜಾಯಿಂಟ್ ತಣ್ಣೀರು ಬಿಟ್ಟರೆ ಹಿಡಿಯುತ್ತದೆ. ಬಿಸಿ ಕಂಡೆನ್ಸೇಟ್ ಬಿಟ್ಟರೆ ಮೆತ್ತಗಾಗಿ ಜಾರಬಹುದು. ಕಂಪನಿ ಹೇಳಿದಷ್ಟು ಶಾಖದಲ್ಲಿ, ಹೇಳಿದಷ್ಟು ಹೊತ್ತು ಇಟ್ಟರೆ ಮಾತ್ರ ಅದು ಬಿಸಿ ತಡೆಯುತ್ತದೆ. ಆದ್ದರಿಂದ ಬಿಸಿ ಲೈನಿಗೆ ಬ್ಲ್ಯಾಂಕೆಟ್ ಬೇಕೇ ಬೇಕು, ಮೇ ತಿಂಗಳಾದರೂ ಸರಿ.

4 ಇಂಚಿನ ಬ್ಲ್ಯಾಂಕೆಟ್ ಚೆನ್ನಾಗಿ ಕೆಲಸ ಮಾಡಿತು. ಸಿಲಿಕೋನ್ ರಬ್ಬರಿನದು, ಮೈ ನಯವಾಗಿತ್ತು, ವೈರ್ ಎಲ್ಲೂ ಹಿಸಿದಿರಲಿಲ್ಲ. 6 ಇಂಚಿನದರಲ್ಲಿ ಒಂದು ಮೂಲೆ ಕಾಯುತ್ತಲೇ ಇರಲಿಲ್ಲ. ಹಿಂದೆ ಯಾರೋ ದೊಡ್ಡ ಬ್ಲ್ಯಾಂಕೆಟ್ಟನ್ನು ಸಣ್ಣ ಪೈಪಿಗೆ ಸುತ್ತಿ, ಒಂದರ ಮೇಲೊಂದು ಬರುವಂತೆ ಬಿಟ್ಟಿರಬೇಕು. ಹಾಗೆ ಮಡಚಿ ಬಂದ ಕಡೆ ಶಾಖ ಹೊರಗೆ ಹೋಗದೆ ಒಳಗಿನ ತಂತಿ ಸುಡುತ್ತದೆ. ಆ ಕಪ್ಪು ಕಲೆ ಕಣ್ಣಿಗೆ ಕಾಣುವಂತೆ ಇತ್ತು. ಅಂಗಡಿಯಲ್ಲಿ ಪ್ಲಗ್ ಹಾಕಿ ಕೈ ಇಟ್ಟು ತೋರಿಸಿದ್ದು ನಡುಭಾಗವನ್ನು ಮಾತ್ರ. ಫೋನ್ ಮಾಡಿದರೆ, "ತಿರುವಿ ತಿರುವಿ ಕಟ್ಟರಿ, ಎಲ್ಲಾ ಕಡೆ ಕಾಯತೈತಿ" ಅಂದರು. ಹಾಗೆ ಅರ್ಧ ಜಾಯಿಂಟ್ ಈಗ, ಅರ್ಧ ಆಮೇಲೆ ಬೇಯಿಸುವುದು ನನಗೆ ಒಪ್ಪಿಗೆ ಆಗಲಿಲ್ಲ. ಪೈಪ್ ಕಂಪನಿಯ ಡೀಲರಿಂದ ಬೇರೆ ಬ್ಲ್ಯಾಂಕೆಟ್ ತರಿಸಿದೆ. ಅದರ ಖರ್ಚು ನನ್ನ ತಲೆಗೇ ಬಂತು.

ಬ್ಲ್ಯಾಂಕೆಟ್ ಬಳಸುವವರಿಗೆ ಇನ್ನೆರಡು ಮಾತು. ಪೈಪಿನ ಎರಡೂ ತುದಿ ಮುಚ್ಚಿ. ನಮ್ಮ ಬಯಲು ಸೀಮೆಯ ಗಾಳಿ ಪೈಪಿನೊಳಗೆ ಹೊಕ್ಕು ಆ ಕಡೆಯಿಂದ ಹೊರಡುತ್ತದೆ, ಹೊರಗೆ ನೀವು ಎಷ್ಟೇ ಕಾಯಿಸಿದರೂ ಒಳಗೆ ತಣ್ಣಗೇ. ಗೋಣಿಚೀಲ ತುರುಕಿದರೆ ಸಾಕು. ಎರಡನೆಯದು ಕರೆಂಟು. ವೆಲ್ಡಿಂಗ್ ಮೆಷಿನ್ ಇರುವ ಲೈನಿನಿಂದಲೇ ಬ್ಲ್ಯಾಂಕೆಟ್ಟಿಗೂ ವೈರ್ ಎಳೆದರೆ ವೋಲ್ಟೇಜ್ ಇಳಿಯುತ್ತದೆ. 230 ಇರುವುದು 190ಕ್ಕೆ ಬಂದರೆ ಶಾಖ ಸ್ವಲ್ಪ ಕಡಿಮೆ ಆಗುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಉಳಿಯುವುದು ಸುಮಾರು ಮೂರರಲ್ಲಿ ಎರಡು ಪಾಲು ಅಷ್ಟೇ. ಗಡಿಯಾರ ನೋಡಿ ಬಿಚ್ಚಿದರೆ ಜಾಯಿಂಟ್ ಅರೆಬೆಂದಿರುತ್ತದೆ. ದೂರದಿಂದ ಹಿಡಿದು ನೋಡುವ ಪಿಸ್ತೂಲಿನಂಥ ಥರ್ಮಾಮೀಟರ್ ಒಂದು ಕೊಂಡಿಟ್ಟುಕೊಳ್ಳಿ. ಹಾಕಿದ ದುಡ್ಡಿಗೆ ಮೋಸವಿಲ್ಲ.

ಜಾಯಿಂಟ್ ಎಳೆಯಲು 6 ಇಂಚಿಗೆ ಪೆಟ್ಟಿಗೆಯಲ್ಲಿ ಎರಡು ರ್‍ಯಾಚೆಟ್ ಪುಲ್ಲರ್, ಪೈಪಿಗೆ ಕಟ್ಟುವ ಕ್ಲ್ಯಾಂಪ್ ಇದ್ದವು. ಚೆನ್ನಾಗಿವೆ. ಎರಡೂ ಕಡೆ ಸಮನಾಗಿ ಎಳೆಯಬೇಕು, ಅಷ್ಟೇ. 4 ಇಂಚಿಗೆ ಅದೂ ಬೇಡ, ಜಾಲಿ ಕಟ್ಟಿಗೆಯ ತುಂಡು ಅಡ್ಡ ಹಿಡಿದು ಸುತ್ತಿಗೆಯಲ್ಲಿ ಎರಡೇಟು.

ಸ್ಪೆಂಟ್‌ವಾಶ್ ಲೈನಿನ ಕೆಲಸಕ್ಕೆ ದೊಡ್ಡ ಯಂತ್ರ ಯಾವುದೂ ಇಲ್ಲ. ಇರುವುದೆಲ್ಲ ಸಣ್ಣ ಸಾಮಾನು. ಬಾಡಿಗೆಯವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಜಾಯಿಂಟ್ ಕೆಡುವುದು ಅಲ್ಲೇ. ತೂಕದ ಕಾಟಾ ಬೇಕು, ಗ್ರಾಂ ತೋರಿಸುವಂಥದ್ದು. ಕಿಲೋ ರೆಸಿನ್‌ಗೆ ಹಾರ್ಡನರ್ 1 ಪರ್ಸೆಂಟ್ ಅಂದರೆ ಹತ್ತೇ ಗ್ರಾಂ. ಬಾಟಲಿಯ ಮುಚ್ಚಳದ ಲೆಕ್ಕದಲ್ಲಿ ಹಾಕುವವರು ಇನ್ನೂ ಇದ್ದಾರೆ. ಬಿಸಿಲಲ್ಲಿ ಬೇಗ ಗಟ್ಟಿಯಾಗುತ್ತದೆ ಅಂತ ಹಾರ್ಡನರನ್ನು ತೀರಾ ಕಡಿಮೆ ಮಾಡಿದರೆ ರೆಸಿನ್ ಬಲಿಯುವುದೇ ಇಲ್ಲ. ಅದರ ಬದಲು ಬೇಸಿಗೆಗೆ ನಿಧಾನದ ರೆಸಿನ್ ಕೊಡಿ ಅಂತ ಸಪ್ಲೈಯರ್ ಹತ್ತಿರವೇ ಕೇಳಿ. ಮತ್ತೆ ಒಂದು ಎಚ್ಚರಿಕೆ. ರೆಸಿನ್ ಬೇಗ ಬಲಿಯಲು ಹಾಕುವ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡರ ಡಬ್ಬಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಈ ಅಂಗಡಿಯವರು ಅಕ್ಕಪಕ್ಕದಲ್ಲೇ ಇಟ್ಟು ಕೊಟ್ಟಿದ್ದರು. ನಾನು ಅಲ್ಲೇ ಬೇರೆ ಮಾಡಿಸಿದೆ.

ಪುಕ್ಕಟೆ ಬಂದ ಗೆರೆ ರೋಲರ್ ಮೊದಲ ದಿನವೇ ತಿರುಗುವುದು ನಿಲ್ಲಿಸಿತು. ಮ್ಯಾಟಿನ ಒಳಗಿನ ಗಾಳಿ ಗುಳ್ಳೆ ಒತ್ತಿ ತೆಗೆಯುವುದೇ ಅದರ ಕೆಲಸ. ತಿರುಗದ ರೋಲರ್ ಮ್ಯಾಟನ್ನೇ ಎಳೆದುಕೊಂಡು ಬರುತ್ತದೆ. ಅಲ್ಯುಮಿನಿಯಂನ ಒಳ್ಳೆಯ ರೋಲರ್ ಎರಡು ಕೊಳ್ಳಿ. ಒಂದು ಕೆಲಸದಲ್ಲಿದ್ದಾಗ ಇನ್ನೊಂದು ಅಸಿಟೋನ್ ಡಬ್ಬಿಯಲ್ಲಿರಲಿ. ಬ್ರಷ್ ಅಗ್ಗದ್ದೇ ಸಾಕು, ಆದರೆ ಕೂದಲು ಉದುರದ್ದು. ಕತ್ತರಿಸಲು ಗ್ರೈಂಡರ್‌ಗೆ 4 ಇಂಚಿನ ಡೈಮಂಡ್ ಬ್ಲೇಡ್ ಹಾಕಿ. ಟೈಲ್ಸ್ ಅಂಗಡಿಯಲ್ಲಿ ಸಿಗುತ್ತದೆ.

ಮ್ಯಾಟ್ ಬಲಿತಿದೆಯಾ ಅಂತ ನೋಡಲು ಬಾರ್ಕೋಲ್ ಮೀಟರ್ ಬಾಡಿಗೆಗೆ ತಂದೆ. ಅಂಗೈಯಷ್ಟಿರುವ ಸಾಮಾನು. ಸೂಜಿ ಒತ್ತಿದರೆ ಗಡಸುತನ ಎಷ್ಟು ಅಂತ ಮುಳ್ಳು ತೋರಿಸುತ್ತದೆ. ರೆಸಿನ್ ಕಂಪನಿ ಕೊಟ್ಟ ಅಂಕಿಯ 90 ಪರ್ಸೆಂಟ್ ಬಂದರೆ ಪಾಸು. ಈ ಮೀಟರ್ ಸರಿಯಾಗಿತ್ತು, ಜೊತೆಗೆ ತಾಳೆ ನೋಡುವ ಬಿಲ್ಲೆಯೂ ಇತ್ತು. ಮೀಟರ್ ಇಲ್ಲದಿದ್ದರೆ ಅಸಿಟೋನ್ ಅದ್ದಿದ ಬಟ್ಟೆಯಲ್ಲಿ ಉಜ್ಜಿ ನೋಡಿ. ಅಂಟು ಅಂಟಾದರೆ ಇನ್ನೂ ಬಲಿತಿಲ್ಲ. ಸಾಹೇಬರಿಗೆ ಮಾತ್ರ ಮೀಟರಿನ ಮುಳ್ಳು ತೋರಿಸಿದರೇ ಸಮಾಧಾನ, ಬಿಲ್ ಬೇಗ ಪಾಸಾಗುತ್ತದೆ!

ಮಾಸ್ಕ್ ವಿಷಯದಲ್ಲಿ ಚೌಕಾಸಿ ಬೇಡ. ಪೆಟ್ಟಿಗೆಯಲ್ಲಿದ್ದದ್ದು ಬಟ್ಟೆಯ ಮಾಸ್ಕ್. ಕೆರೆಯುವಾಗ ಏಳುವ ಗಾಜಿನ ಧೂಳಿಗೆ ಒಂದು ಫಿಲ್ಟರ್, ರೆಸಿನ್ನಿನ ಘಾಟಿಗೆ ಇನ್ನೊಂದು. ಘಾಟನ್ನು ತಡೆಯುವುದು ಇದ್ದಿಲು ತುಂಬಿದ ಡಬ್ಬಿ ಮಾತ್ರ. ರಬ್ಬರ್ ಮಾಸ್ಕಿಗೆ ಎರಡೂ ಬದಲಾಯಿಸಿ ಹಾಕಬಹುದು. ಹುಡುಗರು ಸೆಕೆ ಅಂತ ಗೊಣಗುತ್ತಾರೆ. ಗೊಣಗಲಿ. ಮೈ ತುರಿಕೆಗೆ ತುಂಬು ತೋಳಿನ ಅಂಗಿ, ಕೆಲಸ ಮುಗಿದ ಮೇಲೆ ತಣ್ಣೀರು. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ, ಮಕ್ಕಳೂ ತುರಿಸಿಕೊಳ್ಳುತ್ತವೆ.

ಎಂ.ಎಸ್. ಪೈಪಿನ ಸಾಮಾನು ಈ ಕೆಲಸಕ್ಕೆ ತರಲೇಬಾರದು. ಹಲ್ಲಿನ ಪೈಪ್ ಪಾನಾ ಹಾಕಿದರೆ ಮೇಲಿನ ರೆಸಿನ್ ಪದರ ಹರಿಯುತ್ತದೆ. ಬೆಲ್ಟ್ ಪಾನಾ ಕೊಳ್ಳಿ. ಎತ್ತಲು ಸರಪಳಿ, ತಂತಿಹಗ್ಗ ಬೇಡ, ಅಗಲ ನೈಲಾನ್ ಬೆಲ್ಟ್ ಇರಲಿ. ಫ್ಲ್ಯಾಂಜ್ ಬೋಲ್ಟಿಗೆ ಟಾರ್ಕ್ ಪಾನಾ ಬೇಕು. ಪಾನಾದ ಹಿಂದೆ ಪೈಪು ತೂರಿಸಿ ಇಬ್ಬರು ಜೋತುಬೀಳುವ ರೂಢಿ ನಮ್ಮ ಫಿಟ್ಟರ್‌ಗಳಿಗೆ ಇದೆ. ಕಬ್ಬಿಣದ ಫ್ಲ್ಯಾಂಜ್ ತಡೆದುಕೊಳ್ಳುತ್ತದೆ, ಫೈಬರ್ ಟಕ್ ಅನ್ನುತ್ತದೆ. ವಾಲ್ವಿನ ಕಡೆ ನಡುವೆ ಉಬ್ಬಿದ ಮುಖದ ಫ್ಲ್ಯಾಂಜ್ ಇದ್ದರೆ ಇನ್ನೂ ಅಪಾಯ. ಉಬ್ಬಿನ ಹೊರಗಿನ ಸಂದು ತುಂಬಲು ಸ್ಪೇಸರ್ ರಿಂಗ್ ಹಾಕಿ, ಮೇಲೆ ಪೂರ್ತಿ ಅಗಲದ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಎದುರು ಬದುರು ಬೋಲ್ಟುಗಳನ್ನು ಹಂತ ಹಂತವಾಗಿ ಬಿಗಿ ಮಾಡಿ. ಈ ಅಂಗಡಿಯಲ್ಲಿ ಟಾರ್ಕ್ ಪಾನಾ ಬಾಡಿಗೆಗೆ ಇಲ್ಲ. ಇರಬೇಕಿತ್ತು.

ಕುಡಿಯುವ ನೀರಿನ ಯೋಜನೆಯ ದೊಡ್ಡ ಜಿಆರ್‌ಪಿ (ಇದೂ ಗಾಜಿನ ಎಳೆಯದೇ) ಪೈಪು ಹಾಕುವವರು ನನ್ನನ್ನು ಕೇಳುತ್ತಿರುತ್ತಾರೆ. ಭಾರತೀಯ ಮಾನಕ ಐಎಸ್ 12709ರ ಗುರುತಿನ ಆ ಪೈಪುಗಳಿಗೆ ರಬ್ಬರ್ ರಿಂಗಿನ ಕಪ್ಲಿಂಗ್ ಬರುತ್ತದೆ. ಅದಕ್ಕೆ ಈ ಪೆಟ್ಟಿಗೆ ಬೇಡ. ಎಳೆಯಲು ಪುಲ್ಲರ್, ರಿಂಗಿಗೆ ಸಾಬೂನಿನಂಥ ಲೂಬ್ರಿಕಂಟ್ ಸಾಕು. ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಅಲ್ಲಿ ದುಡ್ಡು ಹಾಕಬೇಕಾದ್ದು ಮಣ್ಣು ಕುಟ್ಟುವ ಪ್ಲೇಟ್ ಮೆಷಿನ್ನಿಗೆ. ಫೈಬರ್ ಪೈಪು ಭಾರ ತಡೆಯುವುದು ಅಕ್ಕಪಕ್ಕದ ಮಣ್ಣಿನ ಬಲದಿಂದ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದನ್ನೇ ಮತ್ತೆ ಪೈಪಿನ ಪಕ್ಕ ತುಂಬಬಾರದು. ಉಸುಕು ಹಾಕಿ, ಪದರ ಪದರವಾಗಿ ಕುಟ್ಟಿ.

ಸಾಮಾನು ವಾಪಸ್ ಕೊಡುವಾಗ ಸುಟ್ಟ ಬ್ಲ್ಯಾಂಕೆಟ್ಟಿನ ಮಾತು ಎದ್ದಿತು. ಡಿಪಾಸಿಟ್‌ನಲ್ಲಿ ಸ್ವಲ್ಪ ಹಿಡಿದುಕೊಳ್ಳಲು ನೋಡಿದರು. ಒಯ್ದ ದಿನವೇ ಸೈಟಿನಲ್ಲಿ ಪೆಟ್ಟಿಗೆ ಬಿಚ್ಚಿ ಪ್ರತಿ ಸಾಮಾನಿನ ಫೋಟೋ ತೆಗೆದು ಅವರಿಗೇ ವಾಟ್ಸಾಪ್ ಮಾಡಿದ್ದೆ, ಕಪ್ಪು ಕಲೆ ಅದರಲ್ಲಿ ಸ್ಪಷ್ಟವಾಗಿತ್ತು. ಕಾಕಾ ಫೋಟೋ ನೋಡಿದರು, ಪೂರ್ತಿ ಡಿಪಾಸಿಟ್ ಎಣಿಸಿ ಕೊಟ್ಟರು. ಆ ಬ್ಲ್ಯಾಂಕೆಟ್ಟಿನ ಬಾಡಿಗೆಯನ್ನು ಮಾತ್ರ ಬಿಡಲಿಲ್ಲ. ಮುಂದಿನ ಆಫ್ ಸೀಸನ್‌ಗೆ ಟೇಪರ್ ಟೂಲ್, ಪುಲ್ಲರ್, ಬಾರ್ಕೋಲ್ ಅವರ ಹತ್ತಿರವೇ ತರುತ್ತೇನೆ. 6 ಇಂಚಿನ ಬ್ಲ್ಯಾಂಕೆಟ್ ತರುವುದಿಲ್ಲ, ಅವರು ಹೊಸದು ತರಿಸಿದ್ದೇವೆ ಅಂದರೂ ನಾಲ್ಕೂ ಮೂಲೆ ಮುಟ್ಟಿ ನೋಡಿದ ಮೇಲೆಯೇ ಮಾತು.